ಚಳಿಗೆ ಮುಷ್ಕರ ಹೂಡುವ ಎಂಜಿನ್: ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್‌ನಲ್ಲಿ ದೋಷ ಹುಡುಕುವ ಕ್ರಮ

1967ರಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನಿನ ಎರಡನೆಯ ಪೀಳಿಗೆಯ ಗಾಡಿಗಳು, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿಕೊಂಡ ಸಂಚಾರಿ ಮನೆಗಳಾಗಿ, ಅಂದರೆ ಕ್ಯಾಂಪರ್‌ಗಳಾಗಿ, ಬ್ರಿಟನ್ ಮತ್ತು ಜರ್ಮನಿಯಂಥ ದೇಶಗಳಲ್ಲಿ ಇಂದಿಗೂ ಓಡಾಡುತ್ತಿವೆ. ಇವುಗಳಲ್ಲಿ ಹೆಚ್ಚಿನವು ವರ್ಷದ ಕೆಲವು ತಿಂಗಳು ಮಾತ್ರ ರಸ್ತೆಗಿಳಿಯುವ ಗಾಡಿಗಳಾದ್ದರಿಂದ, ದೀರ್ಘಕಾಲ ನಿಂತಿದ್ದು ಚಳಿಯ ಬೆಳಗ್ಗೆ ಸ್ಟಾರ್ಟ್ ಆಗದಿರುವುದು, ಸ್ಟಾರ್ಟ್ ಆದರೂ ಮೊದಲ ಸಿಗ್ನಲ್‌ನಲ್ಲೇ ಆಫ್ ಆಗುವುದು, ಏರಿನಲ್ಲಿ ಎಳೆಯದೆ ಮಿಸ್ಸಿಂಗ್ ಹೊಡೆಯುವುದು ಇವುಗಳ ಮಾಲೀಕರೆಲ್ಲರೂ ಬಲ್ಲ ತೊಂದರೆಗಳು. ಪ್ರೀಮಿಯರ್ ಪದ್ಮಿನಿ ಅಥವಾ ಅಂಬಾಸಡರ್ ಕಾರನ್ನು ಚೋಕ್ ಎಳೆದು ಎಬ್ಬಿಸಿದ ನೆನಪಿರುವ ಕನ್ನಡ ಓದುಗರಿಗೆ ಈ ಲಕ್ಷಣಗಳು ಹೊಸತಲ್ಲ. ಆದರೆ ಟೈಪ್ 2 ವ್ಯಾನಿನ ಎಂಜಿನ್ ಹಿಂಭಾಗದಲ್ಲಿದ್ದು ನೀರಿಲ್ಲದೆ ಗಾಳಿಯಿಂದಲೇ ತಣಿಯುವ ರಚನೆಯದಾದ್ದರಿಂದ, ಅದರ ಚಳಿಯ ಕಾಟಕ್ಕೆ ಅದರದೇ ಆದ ಕಾರಣಗಳಿವೆ.

ಇಲ್ಲಿ ಮುಖ್ಯವಾಗಿ ಪರಿಗಣಿಸಿರುವುದು 1584 ಸಿ.ಸಿ. ಸಾಮರ್ಥ್ಯದ, ವಾಡಿಕೆಯಲ್ಲಿ 1600 ಎಂದು ಕರೆಯಲ್ಪಡುವ ಎಂಜಿನ್ ಮತ್ತು 1971ರ ಮಾದರಿಯಿಂದ ಅದಕ್ಕೆ ಜೋಡಣೆಯಾದ ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರ್. ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ, ಗಾಳಿಯೊಡನೆ ಬೆರೆತ ಅದರ ಆವಿ ಮಾತ್ರ ಉರಿಯುತ್ತದೆ ಎಂಬುದು ಇಡೀ ವಿಷಯದ ಬುನಾದಿ. ಬಿಸಿಯಾದ ಎಂಜಿನ್‌ನಲ್ಲಿ ಪೂರ್ಣ ದಹನಕ್ಕೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಸಾಕಾಗುತ್ತದೆಯಾದರೂ, ಲೋಹವೆಲ್ಲ ತಣ್ಣಗಿರುವಾಗ ಪೆಟ್ರೋಲಿನ ದೊಡ್ಡ ಭಾಗ ಆವಿಯಾಗದೆ ಹನಿಗಳಾಗಿ ಮ್ಯಾನಿಫೋಲ್ಡ್‌ನ, ಅಂದರೆ ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಮಿಶ್ರಣವನ್ನು ಒಯ್ಯುವ ಕೊಳವೆಯ, ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ನಷ್ಟವಾದ ಈ ಪಾಲನ್ನು ತುಂಬಿಕೊಡಲು ಚೋಕ್ ಎಂಬ ತಟ್ಟೆಯು ಗಾಳಿಯ ದಾರಿಯನ್ನು ಮುಚ್ಚಿ ಹೆಚ್ಚು ಪೆಟ್ರೋಲನ್ನು ಎಳೆಸುತ್ತದೆ. ಈ ಎಂಜಿನ್‌ನಲ್ಲಿ ಎರಡೆರಡು ಸಿಲಿಂಡರ್‌ಗಳು ಎಡಬಲಕ್ಕೆ ಮಲಗಿದ್ದು, ಒಂದೇ ಕಾರ್ಬುರೇಟರ್ ನಡುವೆ ಕುಳಿತಿರುವುದರಿಂದ, ಮಿಶ್ರಣವು ಎರಡೂ ಕಡೆಗೆ ಉದ್ದನೆಯ ತಣ್ಣನೆಯ ಕೊಳವೆಗಳ ಮೂಲಕ ಸಾಗಬೇಕಾಗುತ್ತದೆ. ಹನಿಗಟ್ಟುವ ತೊಂದರೆ ಇಲ್ಲಿ ಹೆಚ್ಚಾಗಿರುವುದಕ್ಕೆ ಈ ದೂರವೇ ಕಾರಣ.

ಗಾಡಿ ಸ್ಟಾರ್ಟ್ ಆಗದಿದ್ದಾಗ ಮೊದಲು ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರ್‌ನ ತಿರುಪುಗಳನ್ನು ತಿರುಗಿಸುವ ಅಭ್ಯಾಸ ವ್ಯಾಪಕವಾಗಿದ್ದು, ಅದರಿಂದ ಒಂದು ದೋಷವಿದ್ದಲ್ಲಿ ಎರಡಾಗುವುದೇ ಹೆಚ್ಚು. ಬ್ಯಾಟರಿ, ವಾಲ್ವ್, ಇಗ್ನಿಷನ್, ಪೆಟ್ರೋಲ್ ಪೂರೈಕೆ, ಗಾಳಿಯ ಸೋರಿಕೆ ಇವೆಲ್ಲ ಸರಿಯಿವೆಯೆಂದು ಖಚಿತವಾದ ಮೇಲಷ್ಟೇ ಕಾರ್ಬುರೇಟರ್‌ಗೆ ಕೈಹಾಕಬೇಕು. ಬಿಸಿಯಾದ ಎಂಜಿನ್ ಸಣ್ಣಪುಟ್ಟ ಕೊರತೆಗಳನ್ನು ತಡೆದುಕೊಂಡು ಓಡಬಲ್ಲದು. ತಣ್ಣಗಿನ ಎಂಜಿನ್‌ಗೆ ಆ ಅವಕಾಶವಿಲ್ಲದ್ದರಿಂದ ಬೇರೆಡೆಯ ದೋಷಗಳೆಲ್ಲ ಬೆಳಗಿನ ಹೊತ್ತಿನಲ್ಲೇ ಕಾಣಿಸಿಕೊಂಡು, ತಪ್ಪು ಕಾರ್ಬುರೇಟರ್‌ನದೆಂಬ ಭಾವನೆ ಹುಟ್ಟಿಸುತ್ತವೆ.

ಬ್ಯಾಟರಿಯ ವಿಷಯ ಸರಳ. ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ಮೋಟರ್‌ನ ಭಾರ ಹೆಚ್ಚುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ, ಎಂಜಿನ್ ಹೇಗೋ ತಿರುಗಿದರೂ ಇಗ್ನಿಷನ್ ಕಾಯಿಲ್‌ಗೆ ಬೇಕಾದಷ್ಟು ವಿದ್ಯುತ್ ಉಳಿಯದೆ ಕಿಡಿ ಮಂಕಾಗುತ್ತದೆ. ಬ್ಯಾಟರಿ ಹೊಸದಾಗಿದ್ದೂ ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ, ಗೇರ್‌ಬಾಕ್ಸ್‌ನ ಮುಂತುದಿಯನ್ನು ಗಾಡಿಯ ಬಾಡಿಗೆ ಜೋಡಿಸುವ ಹೆಣೆದ ಅರ್ತಿಂಗ್ ಪಟ್ಟಿಯನ್ನು ನೋಡಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಹಿಡಿಕೆಗಳ ಮೇಲೆ ಕೂತಿರುವುದರಿಂದ ವಿದ್ಯುತ್ ಮರಳುವ ಮುಖ್ಯ ದಾರಿ ಈ ಪಟ್ಟಿಯೇ ಆಗಿದ್ದು, ಗಾಡಿಯಡಿಯ ಕೆಸರು, ಉಪ್ಪುಗಳಿಗೆ ಸಿಕ್ಕಿ ಅದು ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ವಾಲ್ವ್‌ಗಳ ವಿಷಯಕ್ಕೆ ಹೆಚ್ಚಿನ ಗಮನ ಸಲ್ಲಬೇಕು. ವಾಲ್ವ್‌ನ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಇರುವ ಅಂತರವನ್ನು, ಮೆಕ್ಯಾನಿಕ್‌ಗಳ ಮಾತಿನಲ್ಲಿ ಟ್ಯಾಪೆಟ್ ಗ್ಯಾಪನ್ನು, ಈ ಎಂಜಿನ್‌ನಲ್ಲಿ 0.15 ಮಿ.ಮೀ.ಗೆ ಹೊಂದಿಸಬೇಕು, ಗಾಡಿ ರಾತ್ರಿಯೆಲ್ಲ ನಿಂತು ಎಂಜಿನ್ ಪೂರ್ತಿ ತಣ್ಣಗಾಗಿರುವಾಗ ಮಾತ್ರ ಈ ಅಳತೆ ಅನ್ವಯಿಸುತ್ತದೆ. ಕಾಲಕ್ರಮದಲ್ಲಿ ವಾಲ್ವ್ ತನ್ನ ಪೀಠದೊಳಕ್ಕೆ ಸವೆದು ಇಳಿಯುವುದರಿಂದ ಈ ಅಂತರ ಕಿರಿದಾಗುತ್ತ ಬರುತ್ತದೆ, ಕೊನೆಗೆ ಅಂತರವೇ ಇಲ್ಲದಂತಾಗಿ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಷನ್ ಸೋರಿಹೋಗುತ್ತದೆ. ಸಡಿಲವಾದ ಟ್ಯಾಪೆಟ್ ಟಕಟಕ ಶಬ್ದ ಮಾಡಿ ತನ್ನ ಇರವನ್ನು ತಿಳಿಸುತ್ತದೆ. ಬಿಗಿಯಾದದ್ದು ಯಾವ ಶಬ್ದವನ್ನೂ ಮಾಡದೆ ವಾಲ್ವನ್ನು ಸುಡುತ್ತದೆ, ಆದ್ದರಿಂದ ಎಂಜಿನ್ ಮೌನವಾಗಿ ಓಡುತ್ತಿದೆಯೆಂಬುದು ನೆಮ್ಮದಿಗೆ ಕಾರಣವಾಗಬಾರದು. ಮೊದಲನೆಯ ಸಿಲಿಂಡರ್‌ನ ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರುವಂತೆ ಎಂಜಿನ್ ತಿರುಗಿಸಿ ಅದರ ಎರಡು ವಾಲ್ವ್‌ಗಳನ್ನು ಫೀಲರ್ ಗೇಜಿನಿಂದ ಅಳೆದು ಸರಿಪಡಿಸಿ, ಬಳಿಕ ಪುಲ್ಲಿಯನ್ನು ಅಪ್ರದಕ್ಷಿಣವಾಗಿ ಅರ್ಧರ್ಧ ಸುತ್ತು ತಿರುಗಿಸಿದರೆ ಎರಡು, ಮೂರು, ನಾಲ್ಕನೆಯ ಸಿಲಿಂಡರ್‌ಗಳು ಅನುಕ್ರಮವಾಗಿ ಅದೇ ಸ್ಥಿತಿಗೆ ಬರುತ್ತವೆ. ಎಂಜಿನ್‌ನ ಕಿಡಿಯ ಕ್ರಮ 1-4-3-2 ಆಗಿದ್ದು, ಹಿಮ್ಮುಖವಾಗಿ ತಿರುಗಿಸುವುದರಿಂದಲೇ ಈ ಸರಳ ಎಣಿಕೆ ಸಾಧ್ಯವಾಗುತ್ತದೆ. ಸುಮಾರು 5,000 ಕಿ.ಮೀ.ಗೊಮ್ಮೆ ಇದನ್ನು ನೋಡುವ ರೂಢಿಯನ್ನು ಅನುಭವಿಗಳು ಬಿಡುವುದಿಲ್ಲ. ಮೂರನೆಯ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ಅತಿ ಹೆಚ್ಚು ಕಾಯುವಂಥದ್ದು, ಏಕೆಂದರೆ ಮೊದಲಿನ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಅದಕ್ಕೆ ಬರುವ ಗಾಳಿಯ ದಾರಿಯಲ್ಲೇ ನಿಂತಿತ್ತು. ಅದರ ಅಂತರ ಪ್ರತಿಸಲವೂ ಕಡಿಮೆಯಾಗಿಯೇ ಸಿಗುತ್ತಿದ್ದರೆ ಆ ವಾಲ್ವ್ ಹಿಗ್ಗುತ್ತಿದೆ ಅಥವಾ ಪೀಠ ಕುಸಿಯುತ್ತಿದೆ ಎಂದು ತಿಳಿದು ಹೆಡ್ ಬಿಚ್ಚಿಸಬೇಕು.

ಇಗ್ನಿಷನ್‌ನಲ್ಲಿ ಮೊದಲು ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರ್‌ನೊಳಗೆ ತೆರೆದು ಮುಚ್ಚುತ್ತ ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ಕಡಿಯುವ ಸಂಪರ್ಕದ ತುಣುಕುಗಳು. ಅವುಗಳ ಗ್ಯಾಪ್ 0.4 ಮಿ.ಮೀ. ಇರಬೇಕು. ಪಾಯಿಂಟ್‌ನ ಮುಖ ಸುಟ್ಟು ಗುಳಿಬಿದ್ದಿದ್ದರೆ ಉಜ್ಜಿ ಬಳಸುವುದಕ್ಕಿಂತ ಹೊಸದನ್ನು ಹಾಕುವುದು ಮೇಲು. ಸ್ಪಾರ್ಕ್ ಪ್ಲಗ್‌ನ ಗ್ಯಾಪ್ 0.6ರಿಂದ 0.7 ಮಿ.ಮೀ. ಇಬ್ಬನಿ ಬಿದ್ದ ಬೆಳಗ್ಗೆ ಮಾತ್ರ ತೊಂದರೆ ಕೊಟ್ಟು ಬಿಸಿಲೇರಿದ ಮೇಲೆ ಸರಿಹೋಗುವ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ಒಳಗೋಡೆಯಲ್ಲಿ ಕೂದಲೆಳೆಯಂಥ ಬಿರುಕಿದೆಯೇ, ಪ್ಲಗ್ ವೈರುಗಳ ರಬ್ಬರ್ ಒಡೆದಿದೆಯೇ ಎಂದು ಪರೀಕ್ಷಿಸಬೇಕು. ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿದರೆ ಸೋರುವ ಕಿಡಿ ನೀಲಿಯಾಗಿ ಕಣ್ಣಿಗೆ ಬೀಳುತ್ತದೆ.

ಚೋಕ್‌ನ ಕಾರ್ಯವಿಧಾನವನ್ನು ಅರಿಯದೆ ಸೋಲೆಕ್ಸ್ ಕಾರ್ಬುರೇಟರ್‌ನ ಗಾಡಿಯನ್ನು ಸರಿಯಾಗಿ ಸ್ಟಾರ್ಟ್ ಮಾಡಲಾಗುವುದಿಲ್ಲ. ಪದ್ಮಿನಿಯಲ್ಲಿದ್ದಂತೆ ಕೈಯಿಂದ ಎಳೆಯುವ ಚೋಕ್ ಇಲ್ಲಿಲ್ಲ. ಎರಡು ಲೋಹಗಳನ್ನು ಬೆಸೆದು ಮಾಡಿದ ಸುರುಳಿಯೊಂದು ಚಳಿಯಲ್ಲಿ ಬಿಗಿದುಕೊಂಡು ಚೋಕ್ ತಟ್ಟೆಯನ್ನು ಮುಚ್ಚಿಡುತ್ತದೆ ಮತ್ತು ಕೀ ಆನ್ ಮಾಡಿದೊಡನೆ 12 ವೋಲ್ಟ್ ವಿದ್ಯುತ್ತಿನಿಂದ ಕಾಯತೊಡಗಿ, ಕೆಲವು ನಿಮಿಷಗಳಲ್ಲಿ ಅದನ್ನು ಪೂರ್ತಿ ತೆರೆಯುತ್ತದೆ. ಆದರೆ ತಟ್ಟೆ ಮುಚ್ಚಿಕೊಳ್ಳಬೇಕಾದರೆ, ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆಯಾದ ಥ್ರಾಟಲ್‌ಗೆ ಆಸರೆಯಾಗಿ ನಿಲ್ಲುವ ಮೆಟ್ಟಿಲು ಮೆಟ್ಟಿಲಾದ ಸಣ್ಣ ಕ್ಯಾಮ್ ಮೊದಲು ಬಿಡುಗಡೆಯಾಗಬೇಕು. ಹೀಗಾಗಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಆಕ್ಸಿಲರೇಟರನ್ನು ನೆಲದವರೆಗೆ ಒಮ್ಮೆ ಒತ್ತಿ ನಿಧಾನವಾಗಿ ಬಿಡಬೇಕು. ಆಗ ಚೋಕ್ ಮುಚ್ಚಿ, ಕ್ಯಾಮ್‌ನ ಎತ್ತರದ ಮೆಟ್ಟಿಲು ಥ್ರಾಟಲ್‌ನ ತಿರುಪಿನಡಿಗೆ ಬಂದು, ಎಂಜಿನ್ ವೇಗವಾಗಿ ಐಡ್ಲಿಂಗ್ ಮಾಡಲು ಅಣಿಯಾಗುತ್ತದೆ. ಆಮೇಲೆ ಪೆಡಲ್ ಮುಟ್ಟದೆ ಸೆಲ್ಫ್ ಹೊಡೆಯಬೇಕು. ಕೀ ಆನ್ ಮಾಡಿಟ್ಟು ಬೇರೆ ಕೆಲಸ ನೋಡುತ್ತ ಕೂತರೆ ಎಂಜಿನ್ ತಣ್ಣಗಿದ್ದರೂ ಚೋಕ್ ಮಾತ್ರ ಕಾದು ತೆರೆದುಕೊಂಡುಬಿಡುತ್ತದೆ, ಜೊತೆಗೆ ಪಾಯಿಂಟ್ ಮತ್ತು ಕಾಯಿಲ್ ಕೂಡ ಸುಡುವ ಅಪಾಯವಿರುತ್ತದೆ.

ಏರ್ ಕ್ಲೀನರ್ ತೆಗೆದು ಎಂಜಿನ್ ತಣ್ಣಗಿರುವಾಗ ಪೆಡಲ್ ಒತ್ತಿ ಬಿಟ್ಟು ನೋಡಿದರೆ ತಟ್ಟೆ ಮುಚ್ಚಿಕೊಂಡಿರಬೇಕು. ಎಂಜಿನ್ ಹೊತ್ತಿಕೊಂಡ ಕ್ಷಣ, ನಿರ್ವಾತದಿಂದ ಎಳೆಯುವ ಪುಟ್ಟ ಡಯಾಫ್ರಾಮ್ ಅದನ್ನು ಕೊಂಚ ತೆರೆಯಬೇಕು, ಇಲ್ಲವಾದರೆ ಮಿಶ್ರಣ ಅತಿಯಾಗಿ ದಟ್ಟವಾಗಿ ಕಪ್ಪು ಹೊಗೆ ಬರುತ್ತದೆ. ಎಂಜಿನ್ ಹೊತ್ತಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಉಸಿರುಗಟ್ಟಿ ನಿಲ್ಲುವುದು ಡಯಾಫ್ರಾಮ್ ಹರಿದಿರುವುದರ ಗುರುತು. ಕೆಲವು ನಿಮಿಷಗಳ ನಂತರವೂ ತಟ್ಟೆ ನೆಟ್ಟಗೆ ನಿಲ್ಲದಿದ್ದರೆ ಚೋಕ್‌ಗೆ ವಿದ್ಯುತ್ ಬರುತ್ತಿಲ್ಲ ಅಥವಾ ಅದರ ಕಾವಿನ ತಂತಿ ಸುಟ್ಟಿದೆ. ಚೋಕ್‌ನ ವೈರನ್ನು ಕಾಯಿಲ್‌ನ ಧನ ತುದಿಗೆ ಜೋಡಿಸಬೇಕಾದಲ್ಲಿ ಪಾಯಿಂಟ್ ಕಡೆಯ ಋಣ ತುದಿಗೆ ಜೋಡಿಸಿ, ಕಿಡಿಯನ್ನೇ ಕೆಡಿಸಿರುವ ಗಾಡಿಗಳೂ ಸಿಗುವುದರಿಂದ ಇದನ್ನೂ ನೋಡಿಬಿಡುವುದು ಒಳ್ಳೆಯದು. ಪದೇ ಪದೇ ಪೆಡಲ್ ಒತ್ತಿ ಎಂಜಿನ್ ಓವರ್‌ಫ್ಲೋ ಆಗಿ ಪ್ಲಗ್‌ಗಳು ತೊಯ್ದಿದ್ದರೆ, ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಹತ್ತು ಸೆಕೆಂಡ್ ಮೀರದಂತೆ ಸೆಲ್ಫ್ ಹೊಡೆದು, ನಡುವೆ ಮೋಟರ್‌ಗೆ ಬಿಡುವು ಕೊಡಬೇಕು.

ವಾರಗಟ್ಟಲೆ ನಿಂತ ಗಾಡಿ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಮಾತ್ರ ಹೊತ್ತಿಕೊಳ್ಳುತ್ತಿದ್ದರೆ ಅದನ್ನು ರೋಗವೆಂದು ಭಾವಿಸಬೇಕಿಲ್ಲ: ಫ್ಲೋಟ್ ಚೇಂಬರ್, ಅಂದರೆ ಕಾರ್ಬುರೇಟರ್‌ನೊಳಗಿನ ಪೆಟ್ರೋಲ್ ಬಟ್ಟಲು, ಆವಿಯಾಗಿ ಬರಿದಾಗಿರುತ್ತದೆ, ಎಂಜಿನ್ ತಿರುಗಿದಾಗಷ್ಟೇ ಕೆಲಸ ಮಾಡುವ ಯಾಂತ್ರಿಕ ಪಂಪ್ ಅದನ್ನು ಮತ್ತೆ ತುಂಬಿಸಬೇಕಾಗುತ್ತದೆ. ಪೆಟ್ರೋಲ್ ಹಳತಾಗಿರುವುದು ಇದಕ್ಕಿಂತ ಗಂಭೀರ ವಿಷಯ. ಯುರೋಪಿನಲ್ಲಿ ಚಳಿಗಾಲಕ್ಕೆಂದು ಬೇಗ ಆವಿಯಾಗುವ ಪೆಟ್ರೋಲನ್ನೇ ಮಾರುತ್ತಾರೆ. ಬೇಸಿಗೆಯಲ್ಲಿ ತುಂಬಿಸಿಟ್ಟ ಟ್ಯಾಂಕಿನಲ್ಲಿ ಆ ಹಗುರ ಅಂಶಗಳು ಮೊದಲೇ ಕಡಿಮೆಯಿದ್ದು, ಇದ್ದವೂ ಆರಿಹೋಗಿ, ಮಾರ್ಚ್ ತಿಂಗಳ ಬೆಳಗ್ಗೆ ಹೊತ್ತಿಕೊಳ್ಳುವ ಗುಣ ಉಳಿದಿರುವುದಿಲ್ಲ.

ಎಥನಾಲ್ ಬೆರಕೆ ಇದಕ್ಕೆ ಮತ್ತೊಂದು ಮಗ್ಗುಲನ್ನು ಸೇರಿಸಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಭಾರತದಲ್ಲಿ ಶೇ. 20ರ ಬೆರಕೆಗೆ ಬೆಂಗಳೂರಿನಲ್ಲಿಯೇ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತದ್ದು ಇಲ್ಲಿನ ಹಳೆಯ ವಾಹನಗಳ ಮಾಲೀಕರಿಗೂ ತಿಳಿದ ಸಂಗತಿ. ಒಂದು ಪಾಲು ಎಥನಾಲ್ ಉರಿಯಲು ಸುಮಾರು 9 ಪಾಲು ಗಾಳಿಯಷ್ಟೇ ಸಾಕಾಗುವುದರಿಂದ, ಶುದ್ಧ ಪೆಟ್ರೋಲಿಗೆ ಅಳೆದು ಕೂರಿಸಿದ ಜೆಟ್‌ಗಳಲ್ಲಿ, ಅಂದರೆ ಕಾರ್ಬುರೇಟರ್‌ನ ಇಂಧನದ ಕಿರುರಂಧ್ರಗಳಲ್ಲಿ, ಬೆರಕೆಯ ಇಂಧನ ಹರಿದಾಗ ಮಿಶ್ರಣ ಲೀನ್, ಅಂದರೆ ಇಂಧನ ಕಡಿಮೆಯಾದ ತೆಳು ಮಿಶ್ರಣ, ಆಗುತ್ತದೆ. ಆವಿಯಾಗಲು ಎಥನಾಲ್‌ಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕಾಗುವುದರಿಂದ ಚಳಿಯ ಸ್ಟಾರ್ಟಿಂಗ್ ಮತ್ತಷ್ಟು ಕಷ್ಟವಾಗುತ್ತದೆ. ಅದು ಗಾಳಿಯ ತೇವವನ್ನು ಹೀರಿ, ಹೆಚ್ಚಾದಾಗ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ ಎಂಬ ಕಾರಣಕ್ಕೆ, ಅಪರೂಪಕ್ಕೆ ಓಡುವ ಕ್ಯಾಂಪರ್‌ಗೆ ಎಥನಾಲ್ ಕಡಿಮೆಯಿರುವ ದುಬಾರಿ ದರ್ಜೆಯ ಪೆಟ್ರೋಲನ್ನೇ ಹಾಕಿಸುವುದು ಖರ್ಚಿಗೆ ತಕ್ಕ ಮಾತು.

ಚಳಿಯಲ್ಲಿ ಸ್ಟಾರ್ಟ್ ಆಗಿ, ಆದರೆ ಓಡುವಾಗ ಕಾಡುವ ಗಾಡಿಗಳಲ್ಲಿ ಎಲ್ಲರೂ ಕಡೆಗಣಿಸುವ ಭಾಗವೆಂದರೆ ಶಾಖದ ಏರ್ಪಾಡು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಕಾರ್ಬುರೇಟರ್‌ನ ಕಂಠ ಹೊರಗಿನ ಗಾಳಿಗಿಂತ ಬಹಳ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಅಲ್ಲಿ ಮಂಜುಗಡ್ಡೆಯಾಗಿ ಕಟ್ಟಿ ದಾರಿ ಮುಚ್ಚುತ್ತದೆ. ಇದಕ್ಕೆ ಕಡುಚಳಿ ಬೇಕಿಲ್ಲ, ಹೊರಗೆ 5 ಅಥವಾ 10 ಡಿಗ್ರಿ ಇದ್ದು ಮಂಜು ಮುಸುಕಿದ ದಿನವೇ ಇದಕ್ಕೆ ಹೆಚ್ಚು ಅನುಕೂಲ. ಹೆದ್ದಾರಿಯಲ್ಲಿ ಕೆಲವು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ಸೊರಗಿ ನಿಂತು, ಹತ್ತು ನಿಮಿಷ ಕಾದ ಬಳಿಕ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆದರೆ ಕಾರಣ ಈ ಮಂಜುಗಡ್ಡೆಯೇ. ಎಂಜಿನ್‌ನ ಕಾವಿಗೆ ಅದು ಕರಗಿಹೋಗಿರುವುದರಿಂದ ಬಿಚ್ಚಿ ನೋಡಿದ ಮೆಕ್ಯಾನಿಕ್‌ಗೆ ದೋಷವೇನೂ ಕಾಣುವುದಿಲ್ಲ.

ಹೀಗೆ ಮಂಜುಗಡ್ಡೆ ಕಟ್ಟುವುದನ್ನು ತಡೆಯಲು ವಿನ್ಯಾಸಕರು ಮೂರು ವ್ಯವಸ್ಥೆಗಳನ್ನು ಮಾಡಿದ್ದರು, ಹಳೆಯ ಗಾಡಿಗಳಲ್ಲಿ ಮೂರೂ ಕೆಟ್ಟಿರುವುದು ಅಪರೂಪವಲ್ಲ. ಸಿಲಿಂಡರ್‌ಗಳ ಬಳಿಯಿಂದ ಬೆಚ್ಚನೆಯ ಗಾಳಿಯನ್ನು ಏರ್ ಕ್ಲೀನರ್‌ಗೆ ತರುವ ಹೋಸ್ ಹರಿದಾಗ ಅದನ್ನು ಕಿತ್ತೆಸೆಯುತ್ತಾರೆ. ಫ್ಯಾನಿನ ಗಾಳಿಯನ್ನು ತಡೆದು ಎಂಜಿನ್ ಬೇಗ ಕಾಯುವಂತೆ ಮಾಡುವ ಬಾಗಿಲುಗಳನ್ನೂ, ಸುಮಾರು 65–70 ಡಿಗ್ರಿಯಲ್ಲಿ ಹಿಗ್ಗಿ ಅವನ್ನು ತೆರೆಯುವ ಥರ್ಮೋಸ್ಟಾಟನ್ನೂ, ಎಂಜಿನ್ ತಂಪಾಗಿರಲೆಂಬ ತಪ್ಪು ಕಲ್ಪನೆಯಿಂದ ತೆಗೆದುಬಿಡುತ್ತಾರೆ. ಮೂಲ ಥರ್ಮೋಸ್ಟಾಟ್ ಕೆಟ್ಟರೂ ಹಿಗ್ಗಿದ ಸ್ಥಿತಿಯಲ್ಲೇ ನಿಂತು ಬಾಗಿಲುಗಳನ್ನು ತೆರೆದಿಡುವಂತೆ ರಚಿತವಾಗಿರುವುದರಿಂದ ಅದನ್ನು ಉಳಿಸಿಕೊಂಡರೆ ಅಪಾಯವಿಲ್ಲ, ತೆಗೆದರೆ ಎಂಜಿನ್ ಪ್ರತಿದಿನವೂ ತಣ್ಣಗೆ ಸವೆಯುತ್ತದೆ. ಮೂರನೆಯದು, ಮ್ಯಾನಿಫೋಲ್ಡ್‌ನ ಅಡಿಯಲ್ಲಿ ಹಾದು ಬಿಸಿ ಹೊಗೆಯನ್ನು ಒಂದು ಬದಿಯ ಎಕ್ಸಾಸ್ಟ್‌ನಿಂದ ಇನ್ನೊಂದು ಬದಿಗೆ ಒಯ್ಯುತ್ತ, ಕಾರ್ಬುರೇಟರ್‌ನ ಬುಡವನ್ನು ಕಾಯಿಸುವ ಕಿರುಗೊಳವೆ. ಇದರೊಳಗೆ ದಶಕಗಳ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ, ಕೆಲವು ಬದಲಿ ಸೈಲೆನ್ಸರ್‌ಗಳಲ್ಲಂತೂ ಇದಕ್ಕೆ ಸರಿಯಾದ ಜೋಡಣೆಯೇ ಇರುವುದಿಲ್ಲ. ಎಂಜಿನ್ ಐದು ನಿಮಿಷ ಓಡಿದ ಮೇಲೆ ಈ ಕೊಳವೆಯ ಎರಡೂ ತುದಿಗಳು ಮುಟ್ಟಲಾಗದಷ್ಟು ಕಾದಿರಬೇಕು. ಒಂದು ತುದಿ ಸುಡುತ್ತ ಇನ್ನೊಂದು ತಣ್ಣಗಿದ್ದರೆ ನಡುವೆ ಮಸಿ ಕಟ್ಟಿದೆ ಎಂದರ್ಥ, ಕಾರ್ಬುರೇಟರ್‌ನ ಹೊರಮೈ ಬೆವರಿ ಬಿಳಿಯ ಹಿಮ ಕೂತಿರುವುದೂ ಅದನ್ನೇ ಹೇಳುತ್ತದೆ. ಉಕ್ಕಿನ ಹಳೆಯ ಕೇಬಲ್ ತುಂಡಿನ ತುದಿಯನ್ನು ಬಿಡಿಸಿ, ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ತಳ್ಳಿದರೆ ಮಸಿ ಪುಡಿಯಾಗಿ ಹೊರಬರುತ್ತದೆ, ಮ್ಯಾನಿಫೋಲ್ಡನ್ನು ಬಿಚ್ಚಿ ಮಾಡಬೇಕಾದ ಈ ಕೆಲಸಕ್ಕೆ ತಾಳ್ಮೆ ಅಗತ್ಯ.

ಗಾಳಿಯ ಸೋರಿಕೆಯನ್ನು ಹುಡುಕುವಾಗ ಮ್ಯಾನಿಫೋಲ್ಡ್‌ನ ನಡುಭಾಗವನ್ನು ಎರಡು ತುದಿಗಳಿಗೆ ಸೇರಿಸುವ ರಬ್ಬರ್ ತೋಳುಗಳು, ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಬ್ರೇಕ್ ಸರ್ವೋಗೆ ಹೋಗುವ ಹೋಸ್ ಮತ್ತು ಥ್ರಾಟಲ್ ದಂಡ ಸವೆದ ರಂಧ್ರ, ಇಷ್ಟನ್ನೂ ನೋಡಬೇಕು. ಐಡ್ಲಿಂಗ್ ತಾನಾಗಿಯೇ ಏರಿ ಇಳಿಯುತ್ತಿದ್ದರೆ ಅನುಮಾನ ಮೊದಲು ಇಲ್ಲಿಗೇ ಹೋಗಬೇಕು. ಬಿಸಿ ಎಂಜಿನ್ ಮೇಲೆ ಬೇಗ ಹೊತ್ತುವ ಸ್ಪ್ರೇ ಸಿಂಪಡಿಸಿ ಪರೀಕ್ಷಿಸುವ ಅಭ್ಯಾಸ ಅಪಾಯಕಾರಿ. ಡಿಸ್ಟ್ರಿಬ್ಯೂಟರನ್ನು ತಪ್ಪಿಸಿ ನೀರನ್ನು ತುಂತುರಾಗಿ ಹಾಕಿದರೂ ಸೋರುವ ಜಾಗದಲ್ಲಿ ಎಂಜಿನ್‌ನ ಸದ್ದು ಬದಲಾಗುವುದು ಕೇಳಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಐಡ್ಲಿಂಗ್ ಹೊಂದಿಸಬಹುದು. 34 ಪಿಕ್ಟ್-3ರಲ್ಲಿ ಥ್ರಾಟಲ್‌ನ ತಿರುಪಿನಿಂದ ಐಡ್ಲಿಂಗ್ ಏರಿಸುವುದು ತಪ್ಪು. ಎಂಜಿನ್ ಚೆನ್ನಾಗಿ ಕಾದು ಚೋಕ್ ಪೂರ್ತಿ ತೆರೆದಿರುವಾಗ ಆ ತಿರುಪು ಕ್ಯಾಮ್‌ನ ಕೆಳಮೆಟ್ಟಿಲನ್ನು ತುಸುವೇ ಮುಟ್ಟುವಂತಿಟ್ಟು, ಅಲ್ಲಿಂದ ಕಾಲು ಸುತ್ತು ಮಾತ್ರ ಒಳಕ್ಕೆ ತಿರುಗಿಸಬೇಕು. ಎಡಬದಿಯ ಎರಡು ತಿರುಪುಗಳಲ್ಲಿ ಚಿಕ್ಕದು ಮಿಶ್ರಣದ ಪ್ರಮಾಣವನ್ನೂ, ದೊಡ್ಡದು ಥ್ರಾಟಲನ್ನು ಬಳಸಿಕೊಂಡು ಹೋಗುವ ಗಾಳಿಯನ್ನೂ ನಿಯಂತ್ರಿಸುತ್ತವೆ. ಚಿಕ್ಕದನ್ನು ಮೆಲ್ಲಗೆ ಪೂರ್ತಿ ಮುಚ್ಚಿ ಎರಡೂವರೆ ಸುತ್ತು ತೆರೆದು, ದೊಡ್ಡದರಿಂದ ವೇಗವನ್ನು ನಿಮಿಷಕ್ಕೆ ಸುಮಾರು 850 ಸುತ್ತಿಗೆ ತಂದು, ಮತ್ತೆ ಚಿಕ್ಕದನ್ನು ಆಚೀಚೆ ತಿರುಗಿಸಿ ಅತಿ ಹೆಚ್ಚು ವೇಗ ಸಿಗುವ ಸ್ಥಾನವನ್ನು ಕಂಡುಕೊಂಡು, ಅಲ್ಲಿಂದ 20–30 ಸುತ್ತು ಕಡಿಮೆಯಾಗುವವರೆಗೆ ಒಳಕ್ಕೆ ತಿರುಗಿಸಿ, ಕೊನೆಗೆ ದೊಡ್ಡದರಿಂದ 850ಕ್ಕೆ ಮರಳಿ ತರಬೇಕು. ತಿರುಪುಗಳನ್ನು ಎಷ್ಟು ತಿರುಗಿಸಿದರೂ ಎಂಜಿನ್ ಬದಲಾವಣೆ ತೋರದಿದ್ದರೆ ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಥವಾ ಐಡ್ಲಿಂಗ್ ಪೆಟ್ರೋಲನ್ನು ತೆರೆಯುವ ವಿದ್ಯುತ್ ವಾಲ್ವ್ ಸತ್ತಿದೆ. ಎಂಜಿನ್ ನಿಲ್ಲಿಸಿ ಕೀ ಆನ್ ಮಾಡಿ, ಆ ವಾಲ್ವ್‌ನ ವೈರನ್ನು ತೆಗೆದು ಮುಟ್ಟಿಸಿದಾಗ ಟಿಕ್ಕೆಂಬ ಸದ್ದು ಬರಬೇಕು. ಓಡುವಾಗ ಚೆನ್ನಾಗಿದ್ದು ಪೆಡಲ್ ಬಿಟ್ಟೊಡನೆ ಆಫ್ ಆಗುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಈ ವೈರನ್ನೇ. ಜೆಟ್‌ಗೆ ಗಾಳಿ ಊದಬೇಕು, ತಂತಿ ತೂರಿಸಬಾರದು.

ಪೆಡಲ್ ಒತ್ತಿದಾಗ ಎಂಜಿನ್ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುವುದಕ್ಕೆ ಎರಡು ಮೂಲಗಳಿವೆ. ಏರ್ ಕ್ಲೀನರ್ ತೆಗೆದು ಎಂಜಿನ್ ನಿಂತಿರುವಾಗ ಥ್ರಾಟಲ್ ತಿರುಗಿಸಿದರೆ ಸಣ್ಣ ನಳಿಕೆಯಿಂದ ಪೆಟ್ರೋಲ್ ನೇರ ಧಾರೆಯಾಗಿ ಚಿಮ್ಮಬೇಕು, ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪ್‌ನ ಡಯಾಫ್ರಾಮ್ ಬದಲಿಸಬೇಕು. ಚಿಮ್ಮುತ್ತಿದ್ದೂ ತಡವರಿಕೆ ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಯಾವುದೆಂದು ನೋಡಬೇಕು: ಅಗ್ಗವೆಂದು ಅನೇಕರು ಹಾಕಿಸುವ ಬಾಷ್ 009 ತಿರುಗುವ ವೇಗಕ್ಕೆ ತಕ್ಕಂತೆ ಮಾತ್ರ ಕಿಡಿಯ ಸಮಯವನ್ನು ಮುಂಚಿತಗೊಳಿಸಬಲ್ಲದು, ಆದರೆ 34 ಪಿಕ್ಟ್-3 ನಿರ್ವಾತದಿಂದಲೂ ಸಮಯ ಬದಲಿಸುವ ಡಿಸ್ಟ್ರಿಬ್ಯೂಟರ್‌ಗೆಂದು ರೂಪಿತವಾದದ್ದು. ಈ ಜೋಡಿಯ ಹೊಂದಾಣಿಕೆಯ ಕೊರತೆಯನ್ನು ಜೆಟ್ ಬದಲಿಸಿ ಮುಚ್ಚುವುದಕ್ಕಿಂತ ಸರಿಯಾದ ಡಿಸ್ಟ್ರಿಬ್ಯೂಟರನ್ನೇ ಹುಡುಕಿ ಹಾಕುವುದು ಶಾಶ್ವತ ಪರಿಹಾರ. ಕಾರ್ಬುರೇಟರ್‌ನಿಂದ ಓಡುವ 1700 ಸಿ.ಸಿ. ಮತ್ತು ಅದಕ್ಕಿಂತ ದೊಡ್ಡ ಎಂಜಿನ್‌ಗಳಲ್ಲಿ ಎರಡು ಕಾರ್ಬುರೇಟರ್‌ಗಳು ಎರಡು ಬದಿಯಲ್ಲಿದ್ದು, ಎರಡು ಚೋಕ್‌ಗಳೂ ಒಂದೇ ಸಮಯಕ್ಕೆ ತೆರೆಯುವಂತೆ, ಎರಡರ ಗಾಳಿಯೂ ಸಮನಾಗಿರುವಂತೆ ಹೊಂದಿಸುವ ಕೆಲಸ ಹೆಚ್ಚುವರಿಯಾಗಿ ಸೇರುತ್ತದೆ.

ಈ ಯಾವ ಕೆಲಸಕ್ಕೂ ಮುಂಚೆ ಪೆಟ್ರೋಲ್ ಹೋಸ್‌ಗಳನ್ನು ಬೆರಳಿನಿಂದ ಬಗ್ಗಿಸಿ ನೋಡಬೇಕಾದ ಅಗತ್ಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ, ಏಕೆಂದರೆ ಈ ವ್ಯಾನುಗಳು ಸುಟ್ಟುಹೋಗಲು ಮುಖ್ಯ ಕಾರಣಗಳಲ್ಲೊಂದು ಎಂಜಿನ್ ಕೋಣೆಯ ಪೆಟ್ರೋಲ್ ಸೋರಿಕೆ. ಎಥನಾಲ್‌ಗೆ ಹಳೆಯ ರಬ್ಬರ್ ಬಿರಿಯುತ್ತದೆ, ಹೊರಗಿನ ಬಟ್ಟೆಯ ಹೆಣಿಗೆ ಆ ಬಿರುಕನ್ನು ಮರೆಮಾಡುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಆರ್9 ದರ್ಜೆಯ ಹೋಸನ್ನೇ ಕೊಂಡು, ಪ್ರತಿ ತುದಿಗೂ ಕ್ಲಿಪ್ ಹಾಕಬೇಕು. ಪೆಟ್ರೋಲ್ ಫಿಲ್ಟರ್ ಡಿಸ್ಟ್ರಿಬ್ಯೂಟರ್‌ನ ಮೇಲೆ ತೂಗಾಡುತ್ತಿದ್ದರೆ ಅದನ್ನು ಎಂಜಿನ್ ಕೋಣೆಯಿಂದ ಹೊರಗೆ, ಟ್ಯಾಂಕಿನ ಕಡೆಗೆ ಸ್ಥಳಾಂತರಿಸಬೇಕು. ಕಾರ್ಬುರೇಟರ್‌ಗೆ ಪೆಟ್ರೋಲ್ ತರುವ ಹಿತ್ತಾಳೆಯ ನಳಿಕೆ ಕೇವಲ ಒತ್ತಿ ಕೂರಿಸಿದ್ದಾದ್ದರಿಂದ ಕಾಲಾಂತರದಲ್ಲಿ ಸಡಿಲವಾಗಿ ಹೋಸ್‌ನೊಡನೆ ಕಳಚಿ ಬರಬಹುದು. ಕೈಯಿಂದ ಅಲುಗಾಡಿಸಿದಾಗ ಅದು ಸ್ವಲ್ಪ ತಿರುಗಿದರೂ ಗಾಡಿಯನ್ನು ಸ್ಟಾರ್ಟ್ ಮಾಡದೆ, ಕಾರ್ಬುರೇಟರ್‌ನ ಮೇಲ್ಭಾಗವನ್ನು ಬಿಚ್ಚಿ, ನಳಿಕೆಯನ್ನು ಭದ್ರಪಡಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ತೊಡಗಬೇಕು.